ಆರ್ವಿಡ್ ಅಳಿಸು ಎಂದ ಮಾತು

ಅಕ್ಟೋಬರ್ 14, ಮಂಗಳವಾರ. ಡುಲೂತ್.

ಪಾಡ್‌ಕಾಸ್ಟಿನ ಮೊದಲ ಕಂತೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ಜನ ತಮ್ಮ ತಮ್ಮ ಹುಚ್ಚಿನ ಬಗ್ಗೆ ಮಾತಾಡಬೇಕು, ನಾನು ಕೇಳಬೇಕು, ಅಷ್ಟೇ ಅಂದುಕೊಂಡಿದ್ದೆ.

ನಿನ್ನೆ ಆರ್ವಿಡ್ ನೀಮಿ ಬಂದಿದ್ದರು. ನಮ್ಮೂರ ಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳನ್ನು ನೋಡುವುದೇ ಆ ಮುದುಕರ ಹುಚ್ಚು. ಹಾರ್ನ್ ಕೇಳಿದರೆ ಸಾಕು, ಹಡಗಿನ ಹೆಸರು ಹೇಳುತ್ತಾರೆ. ಮಾತಿನ ನಡುವೆ, ಹೆಂಡತಿ ಹೆಲ್ಮಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ ಹೊತ್ತಿಗೆ ತಾನು, ಹಡಗುಗಳು ಬಂದರಿಗೆ ಬರುವ ಕಾಲುವೆಯ ದಂಡೆಯಲ್ಲಿ ಹಡಗು ನೋಡುತ್ತ ನಿಂತಿದ್ದೆ ಎಂದುಬಿಟ್ಟರು. ಇವತ್ತು ಬೆಳಿಗ್ಗೆ ಫೋನು ಮಾಡಿದರು. "ಲೋರ್ನಾ, ಅದೊಂದನ್ನ ತೆಗೆದುಬಿಡಮ್ಮ. ಆವತ್ತು ಆಸ್ಪತ್ರೆಗೆ ಬರೋ ದಾರೀಲಿ ಕಾರು ಕೆಟ್ಟಿತ್ತು ಅಂತ ಮಗಳಿಗೆ ಹೇಳಿದೀನಿ."

ರೆಕಾರ್ಡಿಂಗ್ ನೋಡಿಕೊಳ್ಳುವ ನನ್ನ ತಮ್ಮ ವೆಂಡೆಲ್ ಒಪ್ಪಲಿಲ್ಲ. "ಅಕ್ಕಾ, ಜನ ಕೇಳೋದೇ ಅದನ್ನ. ಅದು ಹೋದ್ರೆ ಉಳಿಯೋದು ಬರೀ ಹಡಗು."

"ಅವರನ್ನ ಕರೆಸಿದ್ದೇ ಹಡಗಿನ ಮಾತಿಗಲ್ವೇನೋ?"

"ಹಾಗಾದ್ರೆ ನೀನೊಬ್ಳೇ ಕೂತು ಕೇಳು."

ನನಗೂ ಆಸೆಯಿತ್ತು, ಸುಳ್ಳೇಕೆ. ಅಷ್ಟು ಮನಸ್ಸು ಬಿಚ್ಚಿ ಯಾರೂ ನನ್ನೆದುರು ಮಾತಾಡಿರಲಿಲ್ಲ. ಆದರೂ ಅಳಿಸಿದೆ. ವೆಂಡೆಲ್ ಹತ್ತಿರವಿದ್ದ ಪ್ರತಿಯನ್ನೂ ಪಕ್ಕದಲ್ಲೇ ನಿಂತು ಅಳಿಸಿಸಿದೆ. ನಂಬಿ ಬಾಯಿ ಬಿಟ್ಟವರನ್ನು ಮಾರಿಕೊಂಡು ಶುರುಮಾಡುವುದಾದರೆ ಶುರುವೇ ಬೇಡ.

ಸಂಜೆ ಆರ್ವಿಡ್‌ಗೆ ತಿಳಿಸಿದೆ. "ಜಾಗ ಖಾಲಿಯಾಯ್ತಲ್ಲ, ಇನ್ನೊಂದೆರಡು ಹಡಗಿನ ಕತೆ ಹೇಳ್ಲಾ?" ಅಂದರು.

ನಾಳೆ ಮೈಕು ಹೊತ್ತುಕೊಂಡು ಕಾಲುವೆಗೇ ಹೋಗುತ್ತೇನೆ. ವೆಂಡೆಲ್ ಬರಲಿ, ಬಿಡಲಿ. ಗಾಳಿ ಜೋರಿದ್ದರೆ ಮೈಕಿಗೆ ನನ್ನ ಉಣ್ಣೆಯ ಕಾಲುಚೀಲ ಹಾಕಿದರಾಯಿತು.