ಬೇಯಿಸುವ ಮೊದಲು ಒಂದು ಸೌಟು

ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದ ಉಪಕುಲಸಚಿವರೆಂಬ ಮಾನ್ಯರೇ,

ನನ್ನ ಮಗಳು ಮಾನಸಿಯ ಮಾದರಿಗಳಿರುವ ಪೆಟ್ಟಿಗೆಯನ್ನು ಪ್ರಯೋಗಾಲಯದ ಡೀಪ್ ಫ್ರೀಜರಿನಿಂದ ತೆಗೆದು ಇದೇ ಮೂವತ್ತರೊಳಗೆ ನಾಶಪಡಿಸಬೇಕೆಂದು ನೀವು ಆದೇಶ ಹೊರಡಿಸಿದ್ದೀರಿ. ಅದರಲ್ಲಿರುವುದು ಸೂಕ್ಷ್ಮಜೀವಶಾಸ್ತ್ರದಲ್ಲಿ ಆಕೆಯ ಐದು ವರ್ಷದ ಸಂಶೋಧನೆ. ಈ ಬಗ್ಗೆ ನಿಮಗೆ ಇಂಗ್ಲಿಷಿನಲ್ಲಿ ನಾಲ್ಕು ಪತ್ರ ಬರೆದೆ. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂಬಲ್ಲಿಯವರೆಗೆ ಕಾಲೇಜಿನಲ್ಲಿ ಕಲಿತದ್ದು ನೆನಪಿತ್ತು, ಮುಂದಿನದನ್ನು ಹೇಗೋ ಜೋಡಿಸಿದೆ. ಉತ್ತರವಿಲ್ಲ. ಈಗ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದು, ಬಲ್ಲೆ. ಓದದೇ ಇರುವವರಿಗೆ ಯಾವ ಭಾಷೆಯಾದರೇನು?

ಆಕೆಯ ಅಪರಾಧವೇನು? ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಯಲ್ಲಿ ಗೈಡ್ ಸಹಿ ಇಲ್ಲ. ಗೈಡ್ ಎಲ್ಲಿ? ಕಳೆದ ಜೂನಿನಲ್ಲಿ ನಿವೃತ್ತರಾದರು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದವರು ನೀವೇ. ಹೊಸ ಗೈಡ್ ಕೊಡಿ ಎಂದರೆ ಅರ್ಜಿಗೆ ಹಾಲಿ ಗೈಡ್ ಸಹಿ ಬೇಕಂತೆ. ಹಾಲಿ ಗೈಡ್ ಇಲ್ಲವೆಂದೇ ಅಲ್ಲವೇ ಸ್ವಾಮಿ, ಅರ್ಜಿ? ಸಹಿ ಇಲ್ಲದ್ದರಿಂದ ವರದಿ ಇಲ್ಲ, ವರದಿ ಇಲ್ಲದ್ದರಿಂದ ನೋಂದಣಿ ರದ್ದು, ನೋಂದಣಿ ರದ್ದಾದ್ದರಿಂದ ಪೆಟ್ಟಿಗೆ ವಾರಸುದಾರರಿಲ್ಲದ್ದು. ಇಷ್ಟು ಅಚ್ಚುಕಟ್ಟಾದ ಸಂಶೋಧನೆ ನಿಮ್ಮ ಕಟ್ಟಡದಲ್ಲಿ ಬೇರೆ ಯಾರೂ ಮಾಡಿರಲಾರರು. ಮೊದಲ ಡಾಕ್ಟರೇಟು ನಿಮಗೇ ಸಲ್ಲಬೇಕು.

ಆಕೆಯ ವಿಷಯ ನಿಮಗೆ ನಗು ತರಿಸಬಹುದು: ಇಡ್ಲಿ ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುವ ಬ್ಯಾಕ್ಟೀರಿಯಾ. ಕಲ್ಯಾಣದಿಂದ ವಾಶಿಯವರೆಗೆ ನಮ್ಮ ಉಡುಪಿ ಕಡೆಯವರ ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ಹಿಟ್ಟು ಬೇಡಿದ್ದಾಳೆ. ಸ್ಟೀಲ್ ಡಬ್ಬಿಗಳನ್ನು ಐಸಿನಲ್ಲಿಟ್ಟುಕೊಂಡು ಬೆಳಗಿನ ಲೋಕಲ್‌ನಲ್ಲಿ ಹೋಗುವಾಗ ಮಹಿಳಾ ಬೋಗಿಯಲ್ಲಿ ಒಬ್ಬಾಕೆ, 'ಆಧಾ ಕಿಲೋ ದೇ ದೋ ಬೇಟಾ, ಚಟ್ನಿ ಭೀ ಹೈ ಕ್ಯಾ?' ಎಂದು ಹಿಟ್ಟು ಮಾರುವವಳೆಂದೇ ತಿಳಿದು ಕೇಳಿದಳಂತೆ. ಒಟ್ಟು ನೂರಾ ಹನ್ನೆರಡು ಮಾದರಿಗಳಲ್ಲಿ ಒಂದೇ ಒಂದು ಜನವರಿಯ ಚಳಿಯಲ್ಲೂ ಪಾತ್ರೆಯ ಕಂಠದವರೆಗೆ ಉಬ್ಬಿತು. ಅದು ಯಾವ ಹೋಟೆಲಿನದೂ ಅಲ್ಲ. ನನ್ನ ಹೆಂಡತಿ ರತ್ನಾವತಿಯದು. ಮಗಳ ಪ್ರಬಂಧ ನಿಂತಿರುವುದೇ ಆ ಹಿಟ್ಟಿನ ಬ್ಯಾಕ್ಟೀರಿಯಾದ ಮೇಲೆ. ಇನ್ನು ಮೂರು ತಿಂಗಳ ಪ್ರಯೋಗವಷ್ಟೇ ಬಾಕಿ.

ರತ್ನಾವತಿ ಮದುವೆಯಾಗಿ ಡೊಂಬಿವಲಿಗೆ ಬರುವಾಗ ತವರಿನಿಂದ ತಂದ ಹಿಟ್ಟು ಅದು. ದಿನವೂ ಇಡ್ಲಿ ಬೇಯಿಸುವ ಮೊದಲು ಒಂದು ಸೌಟು ಎತ್ತಿಟ್ಟು, ಮರುದಿನದ ಹಿಟ್ಟಿಗೆ ಸೇರಿಸುತ್ತಿದ್ದಳು. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಲಿಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡಳು. ಸೂತಕದ ಮನೆಯಲ್ಲಿ ನನ್ನ ಅಕ್ಕ ವೇದಾವತಿ, 'ಅದನ್ನು ಚೆಲ್ಲು ಭುಜಂಗ, ಸೂತಕದ ಹಿಟ್ಟು ಇಟ್ಟುಕೊಳ್ಳಲಿಕ್ಕೆ ಉಂಟಾ ಮಾರಾಯ?' ಎಂದಳು. ಬಿ.ಎಸ್ಸಿ. ಎರಡನೇ ವರ್ಷದವರೆಗೆ ಓದಿದ ನಾನು ಮರುಮಾತಾಡದೆ ಮೋರಿಗೆ ಸುರಿದು, ಮೇಲಿಂದ ಎರಡು ಬಾಲ್ದಿ ನೀರು ಹೊಯ್ದೆ. ಮಗಳು ಬಂದು ಖಾಲಿ ಪಾತ್ರೆ ನೋಡಿ, 'ಪಪ್ಪಾ, ಪೂರಾ ಫೇಕ್ ದಿಯಾ?' ಎಂದಳು. ಹೌದು, ಒಂದು ಹನಿಯನ್ನೂ ಬಿಡದೆ ಎಸೆದಿದ್ದೆ. ಪುಣ್ಯಕ್ಕೆ ಎರಡು ವಾರ ಮೊದಲು ಆಕೆ ಪ್ರಯೋಗಕ್ಕೆಂದು ಒಂದು ಚಮಚ ಒಯ್ದಿದ್ದಳು. ಈಗ ಉಳಿದಿರುವುದು ಅದರದೇ ಮೂರು ಟ್ಯೂಬು, ನೀವು ನಾಶಮಾಡಲು ಹೊರಟ ಪೆಟ್ಟಿಗೆಯಲ್ಲಿ.

ಕಳೆದ ಸೋಮವಾರ ನಿಮ್ಮ ಕಚೇರಿಗೆ ಬಂದಿದ್ದೆ. 'ಸಾಹೇಬ್ ಮೀಟಿಂಗ್ ಮಧೇ ಆಹೇತ್, ಕಾಕಾ' ಎಂದ ನಿಮ್ಮ ಜವಾನ. ಹನ್ನೊಂದರಿಂದ ನಾಲ್ಕರವರೆಗೆ ಕಾದೆ. ಬಾಗಿಲ ಸಂದಿಯಿಂದ ಕಂಡಂತೆ ಆ ಮೀಟಿಂಗಿನಲ್ಲಿ ಹಾಜರಿದ್ದದ್ದು ನೀವು ಮತ್ತು ಒಂದು ವಡಾ ಪಾವ್. ಹಿಂತಿರುಗುವಾಗ ಪ್ರಯೋಗಾಲಯದ ಸಹಾಯಕನೊಬ್ಬ ಮೆಟ್ಟಿಲಲ್ಲಿ ತಡೆದ. ಹೆಸರು ಬರೆಯಲಾರೆ; ಬರೆದರೆ ಅವನ ಕಡತಕ್ಕೆ ಮಾತ್ರ ನಿಮಗೆ ಕೂಡಲೇ ಪುರುಸೊತ್ತು ಸಿಗುತ್ತದೆ. 'ಯಜಮಾನ್ರ, ಬೇಯ್ಸಿ ಒಗಿ ಅಂತ ನನಗ ಆರ್ಡರ್ ಕೊಟ್ಟಾರ್ರಿ. ಟ್ಯೂಬಿನ ಮ್ಯಾಲ ಅಕ್ಕಾರು ಅಮ್ಮ ಅಂತ ಬರದಾರ. ನಾ ಹ್ಯಾಂಗ ಒಗೀಲ್ರಿ? ಮೂವತ್ತರ ತನಾ ತಡೀತೀನಿ. ಆಮ್ಯಾಲ ನಂದೂ ನೌಕರಿ ಅದ ನೋಡ್ರಿ' ಎಂದ. ನಿಮ್ಮ ಇಡೀ ವಿಶ್ವವಿದ್ಯಾಲಯದಲ್ಲಿ ಲೇಬಲ್ ಓದಿದವನು ಅವನೊಬ್ಬನೇ.

'ಹಬೆಯಲ್ಲಿ ಬೇಯಿಸಿ ನಾಶಪಡಿಸತಕ್ಕದ್ದು' ಎಂದಿದೆ ನಿಮ್ಮ ಆದೇಶ. ಹಬೆಯಲ್ಲಿ ಬೇಯಿಸುವುದನ್ನು ಉಡುಪಿ ಕಡೆಯವರಿಗೆ ಕಲಿಸಬೇಡಿ. ನಾವೂ ದಿನಾ ಬೇಯಿಸುತ್ತೇವೆ, ಆದರೆ ಒಂದು ಸೌಟು ಎತ್ತಿಟ್ಟ ಮೇಲೆ. ಅಡುಗೆಮನೆಯ ಹೆಂಗಸರಿಗೆ ತಿಳಿದ ಇಷ್ಟು ವಿಜ್ಞಾನ ನಿಮ್ಮ ವಿಭಾಗಕ್ಕೆ ತಿಳಿಯಬಾರದೇ?

ಮೂವತ್ತರೊಳಗೆ ಮಾನಸಿಗೆ ಹೊಸ ಗೈಡ್ ನೇಮಿಸಿ, ನೋಂದಣಿ ಮರಳಿ ಕೊಡಿ. ಅಲ್ಲಿಯವರೆಗೆ ಆ ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದು. ಇಲ್ಲವಾದರೆ ಮೂವತ್ತರ ಬೆಳಿಗ್ಗೆ ಫ್ರೀಜರಿನ ಮುಂದೆ ಸ್ಟೂಲ್ ಹಾಕಿ ಕುಳಿತಿರುತ್ತೇನೆ. ಪೊಲೀಸರನ್ನು ಕರೆಯಿರಿ, ಪರವಾಗಿಲ್ಲ. 'ಜಾನೇ ದೋ ಪಪ್ಪಾ' ಎನ್ನುತ್ತಾಳೆ ಮಗಳು. ಹೇಗೆ ಬಿಟ್ಟುಬಿಡಲಿ? ಯಾರೋ ಹೇಳಿದರೆಂದು ಒಮ್ಮೆ ಚೆಲ್ಲಿದ್ದೇನೆ. ನೀವು ಹೇಳಿದಿರೆಂದು ಎರಡನೆಯ ಸಲ ಚೆಲ್ಲಲು ಬಿಡುವುದಿಲ್ಲ.

ಇಂತಿ,
ಅಂದು ಕೈಯಾರೆ ಸುರಿದು, ಇಂದು ಕಾವಲಿಗೆ ಹೊರಟ
ಭುಜಂಗ
ಡೊಂಬಿವಲಿ ಪೂರ್ವ