ಎತ್ತರ ನೋಡಿ ನಿಲ್ಲಿಸಿದ ಪುಸ್ತಕಗಳು

ಗ್ರಂಥಾಲಯಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬಹುಕಾಲದಿಂದ ಯಾರೂ ಎರವಲು ಪಡೆಯದ ಪುಸ್ತಕಗಳನ್ನು ತಿಂಗಳ ಕೊನೆಗೆ ರದ್ದಿಗೆ ಹಾಕಬೇಕೆಂಬ ತಮ್ಮ ಆದೇಶವನ್ನು ನಮ್ಮೂರ ಗ್ರಂಥಾಲಯದ ಬಾಗಿಲಲ್ಲಿ ಓದಿದೆ. ವಿತ್ ಡ್ಯೂ ರೆಸ್ಪೆಕ್ಟ್ ಒಂದು ಪ್ರಶ್ನೆ: ಹುಡುಕಿದರೂ ಸಿಗದ ಪುಸ್ತಕವನ್ನು ಎರವಲು ಪಡೆಯುವುದು ಹೇಗೆ?

ಪೂರ್ವಚರಿತ್ರೆ ತಮಗೆ ತಿಳಿದಿರಲಾರದು. ಗ್ರಂಥಾಲಯ ಮೊದಲು ಉಪ್ಪಿನ ಗೋದಾಮಿನಲ್ಲಿತ್ತು. ಹಾಳೆಗಳು ಎಷ್ಟು ತೇವವೆಂದರೆ ಬೆರಳಿಗೆ ಎಂಜಲು ಹಚ್ಚದೆಯೇ ಪುಟ ತಿರುವಬಹುದಿತ್ತು. ಆಮೇಲೆ ಅಗ್ನಿಶಾಮಕ ಠಾಣೆಯ ಮಹಡಿ. ಗಂಟೆ ಬಾರಿಸಿದರೆ ಓದುಗರೆಲ್ಲ ಕಿಟಕಿಗೆ ಓಡುತ್ತಿದ್ದರು. ತಲೆಯೆತ್ತದೆ ಓದುತ್ತಿದ್ದವಳು ಒಬ್ಬಳೇ. ಅವಳನ್ನೇ ಮದುವೆಯಾದೆ. ಇರಲಿ, ಅದು ಔಟ್ ಆಫ್ ಸಿಲಬಸ್. ಮೂರನೆಯದು ಸ್ವಂತ ಕಲ್ಲುಕಟ್ಟಡ. ಸೂರು ಸೋರಿದ್ದಕ್ಕೆ ಕಟ್ಟಡವನ್ನೇ ಶಿಥಿಲವೆಂದು ಘೋಷಿಸಿದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎನ್ನುವುದು ಇದಕ್ಕೇ ತಾನೆ?

ಹೊಸ ಕಟ್ಟಡದಲ್ಲಿ ಎಂಜಿನಿಯರರು ಒಂದು ಪುಸ್ತಕವನ್ನೂ ಅಳೆಯದೆ ಗೋಡೆಗೇ ಸಿಮೆಂಟಿನ ಗೂಡು ಕಟ್ಟಿಸಿದರು. ಮೇಲಿನವು ಗಿಡ್ಡ, ಕೆಳಗಿನವು ಎತ್ತರ. ಸಾಗಿಸಲು ಬಂದವರು ಬೇರೇನು ಮಾಡಿಯಾರು? ಶಾಲೆಯ ಕವಾಯತಿನ ಹಾಗೆ ಪುಸ್ತಕಗಳನ್ನು ಎತ್ತರ ನೋಡಿ ನಿಲ್ಲಿಸಿದರು. ಈಗ ಕಾನೂನಿನ ಪಕ್ಕ ಕೋಳಿ ಸಾಕಣೆ, ಹೃದ್ರೋಗದ ಪಕ್ಕ ಶಿಶುಗೀತೆ. ವಾಟ್ ಎ ಸಿಸ್ಟಮ್!

ನನ್ನಾಕೆ ಆಗ ಮೂರು ಭಾಗದ ಒಂದು ಕಾದಂಬರಿ ಓದುತ್ತಿದ್ದಳು. ಎರಡು ಮುಗಿದಿತ್ತು. ಆಸ್ಪತ್ರೆಯ ಮಂಚದಿಂದ ಕೇಳಿದಳು, “ರೀ, ಮನೆ ಬಿಟ್ಟು ಹೋದ್ಲಲ್ಲ ಆ ಕಿರಿ ಸೊಸೆ, ವಾಪಸ್ ಬಂದ್ಲಾ? ಮೂರನೇದು ತಂದು ಓದಿ ಹೇಳಿ. ಮಧ್ಯದಲ್ಲಿ ಗೊರಕೆ ಹೊಡೆದ್ರೆ ನೋಡಿ ಮತ್ತೆ!” ಹೋದೆ. ಸ್ಥಳಾಂತರವೆಂದು ಬೀಗ ಜಡಿದಿತ್ತು. ಬೀಗ ತೆಗೆಯುವ ಹೊತ್ತಿಗೆ ಕೇಳುವವಳೇ ಇರಲಿಲ್ಲ.

ಆದರೂ ಹುಡುಕುತ್ತಿದ್ದೇನೆ. ಅಂಗಡಿಗಳಲ್ಲಿ ಅದು ಸಿಗದು, ಅಚ್ಚಾಗುವುದು ನಿಂತು ಕಾಲವಾಯಿತು. ಗ್ರಂಥಾಲಯದ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ಪಾಪ.

“ಹೆಸರು ಹೇಳಿ ಪ್ರಯೋಜನ ಇಲ್ಲ ತಾತ. ಎಷ್ಟೆತ್ತರ ಇತ್ತು, ಅದು ಹೇಳಿ.”

“ನಾನು ನೋಡೇ ಇಲ್ವಲ್ಲಮ್ಮಾ.”

“ಮೂರೂ ಭಾಗ ಅಣ್ಣತಮ್ಮಂದಿರ ಹಾಗೆ, ಒಂದೇ ಎತ್ತರ ಇರ್ಬೇಕಲ್ವಾ?”

“ನನ್ನ ತಮ್ಮ ನನಗಿಂತ ಒಂದು ಗೇಣು ಉದ್ದ!”

ಮೊದಲೆರಡು ಭಾಗವಿದ್ದ ಗೂಡನ್ನು ಇಡೀ ಜಾಲಾಡಿದ್ದಾಯಿತು. ಮೂರನೆಯದು ಬೇರೆ ಅಳತೆಯದೇ ಇರಬೇಕು. ಕೆಳಗಿನ ಗೂಡಿಗೆ ಬಗ್ಗಿದರೆ ಮಂಡಿ ಏಳಗೊಡುವುದಿಲ್ಲ, ಮೇಲಿನದಕ್ಕೆ ಕೈ ನಿಲುಕುವುದಿಲ್ಲ. ಏಣಿ ಮಂಜೂರಾಗಿಲ್ಲವಂತೆ. ಮಗಳು ಅನ್ನುತ್ತಾಳೆ, “ಅಪ್ಪಾ, ನೀವೇ ಒಂದು ಕೊನೆ ಕಟ್ಟಿಬಿಡಿ.” ನನ್ನ ಕಟ್ಟುಕತೆಯನ್ನು ಅವಳಮ್ಮ ಎಂದಾದರೂ ನಂಬಿದ್ದುಂಟೇ?

ಆದ್ದರಿಂದ ಆದೇಶ ಹಿಂತೆಗೆದುಕೊಳ್ಳಿ, ಪುಸ್ತಕಗಳನ್ನು ವಿಷಯವಾರು ಜೋಡಿಸಿ. ಆಗದಿದ್ದರೆ, ಲಾರಿಗೆ ತುಂಬುವಾಗ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ಓದಲು ನನಗೆ ಅನುಮತಿ ಕೊಡಿ. ಅದೂ ನಿಯಮಬಾಹಿರವೆಂದಾದರೆ, ತಮ್ಮ ಕಚೇರಿಯಲ್ಲಿ ಆ ಕಾದಂಬರಿ ಪೂರ್ತಿ ಓದಿದವರು ಯಾರಾದರೂ ಇದ್ದರೆ ವಿಚಾರಿಸಿ. ಹೆಸರು ಗುಮಾಸ್ತೆಗೆ ಬಾಯಿಪಾಠವಾಗಿದೆ. ಒಂದು ಕಾರ್ಡು ಹಾಕಿಸಿ. ಸಹಿ, ಮೊಹರು ಏನೂ ಬೇಡ. ಸೊಸೆ ಬಂದಳೋ, ಬರಲಿಲ್ಲವೋ, ಅಷ್ಟು ಸಾಕು.

ಇಂತಿ,
ಎರಡು ಭಾಗ ಓದಿ ಹೋದವಳ ಗಂಡ