ಅವ್ವನ ಕಾಡಿಗಿ, ಲಾರಿ ಟಾಯರ್

ನಂದೂರ, ಕಲಬುರ್ಗಿ

ಅವ್ವಾ, ಮೊದ್ಲ ಅಳೋದು ಬಿಡು. ಸ್ಟೇಶನ್ ಬಜಾರದಾಗ ನನ್ನ ಕರೀ ಮಾರಿ ನೋಡಿ, ಇದ್ದಲಿ ಹೊರ್ತಾನ ಅಂತ ಕಮಲಾಪುರ ತುಂಬಾ ಹೇಳಿದ ಸೂಗಪ್ಪ ಕಾಕಾಗ ಬಾಯಿ ಮುಚ್ಕೋ ಅನ್ನು. ನಾ ಸವದ ಲಾರಿ ಟಾಯರಿಗಿ ಹೊಸ ರಬ್ಬರ್ ಹಾಕೋ ಕಾರ್ಖಾನ್ಯಾಗ ಅದೀನಿ. ರಬ್ಬರಿನಾಗ ಎಣ್ಣಿ ಸುಟ್ಟ ಮಸಿ ಕಲಸ್ತೀವಿ, ಕಾರ್ಬನ್ ಅಂತಾರ. ನೀ ದೀಪದ ಮ್ಯಾಲ ತಾಟು ಹಿಡದು ಕಾಡಿಗಿ ಮಾಡ್ತಿ ನೋಡು, ಅಂಥಾದ್ದೇ.

ಮಸಿ ಬರೇ ಬಣ್ಣಕ್ಕ ಅಂತ ತಿಳದು, "ಕರೀ ಬಣ್ಣ ಹಚ್ಚಿ ಮಂದಿಗಿ ಮೋಸ ಮಾಡ್ತೀರಿ" ಅಂತ ಮೇಸ್ತ್ರಿಗಿ ಒದರಿದೆ. ಅಂವ ರಬ್ಬರಿನ ಎರಡು ತುಂಡು ಕೊಟ್ಟು, "ಏ ಶಾಣ್ಯಾ, ಕಲ್ಲಿಗಿ ತಿಕ್ಕಿ ನೋಡು" ಅಂದ. ಮಸಿ ಇಲ್ಲದ ಬಿಳಿ ತುಂಡು ಸಾಲಿ ರಬ್ಬರಿನಂಗ ಪುಡಿಪುಡಿ ಆತು. ಮಸಿ ಹಾಕಿದ್ದು ನನ್ನ ರಟ್ಟಿ ಸೋತ್ರೂ ಸವೀಲಿಲ್ಲ. ಊದಿದ್ರ ಹಾರಿಹೋಗೋ ಮಸಿ ಲಾರಿ ಭಾರ ತಡೀತದ, ಅವ್ವಾ!

ಮೂಗಿಗಿ ದಸ್ತಿ ಕಟ್ಕೋತೀನಿ, ಕೆಮ್ಮಿಲ್ಲ. ನನ್ನ ಕರಕೊಂಡು ಹೋಗ್ಲಾಕ ಅಣ್ಣಗ ಕಳಸಬ್ಯಾಡ, ನಾ ಬರಂಗಿಲ್ಲ. ಕಳಿಸೇ ಕಳಿಸ್ತಿ ಅಂದ್ರ, ಬಸ್ ಹತ್ತೋ ಮುಂಚೆ ಅದರ ಟಾಯರ್ ಮುಟ್ಟಿ ನೋಡು ಅನ್ನು. ನಿನ್ನ ಕಾಡಿಗಿ ಮ್ಯಾಲೇ ಕೂತು ಬರ್ತಾನ.

ಕಾಶಿರಾಯ